ಕಾವಿಗೆ ಕೂತ ಕೋಳಿ: ಕೂರಿಸುವುದೋ, ಎಬ್ಬಿಸುವುದೋ

ಹೋದ ಕಾರ್ತಿಕದಲ್ಲಿ ಒಂದು ಸಂಜೆ ಪಕ್ಕದ ಮನೆ ಹುಡುಗಿ ಓಡಿ ಬಂದಳು. ಅವಳೂ ಅವಳ ಗಂಡನೂ ಬೆಂಗಳೂರು ಬಿಟ್ಟು ಚಿಂತಾಮಣಿ ಕಡೆಯ ನಮ್ಮೂರಿಗೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. ಸಂತೆಯಿಂದ ನಾಲ್ಕು ನಾಟಿ ಹೇಂಟೆ ತಂದು ಹಿತ್ತಲಲ್ಲಿ ಬಿಟ್ಟುಕೊಂಡಿದ್ದರು. “ಅಕ್ಕಾ, ನಮ್ಮ ಕೆಂಚಿಗೆ ಏನೋ ಆಗಿದೆ. ಮೂರು ದಿನದಿಂದ ಮಂಕರಿ ಬಿಟ್ಟು ಏಳ್ತಾನೇ ಇಲ್ಲ, ಮೇವೂ ಮುಟ್ತಿಲ್ಲ. ಕೈ ಹಾಕಿದ್ರೆ ಕುಕ್ಕೋಕೆ ಬರುತ್ತೆ. ಆಸ್ಪತ್ರೆಗೆ ತೋರಿಸ್ಬೇಕಾ?”

ಹೋಗಿ ನೋಡಿದೆ. ಸೌದೆ ಪೇರಿಸಿದ ಮೂಲೆಯ ಕತ್ತಲಲ್ಲಿ ಹಳೇ ಬಿದಿರು ಮಂಕರಿ. ಅದರೊಳಗೆ ಕೆಂಚಿ ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿಕೊಂಡು ಕೂತಿದ್ದಾಳೆ. ಕಣ್ಣು ಒಂದೇ ಕಡೆ ನೆಟ್ಟಿದೆ. ಕೈ ಹತ್ತಿರ ತಂದೊಡನೆ ಮೈಗರಿಯೆಲ್ಲ ನಿಗುರಿ ಎರಡರಷ್ಟು ದಪ್ಪವಾದಳು, ಗಂಟಲಲ್ಲೇ ‘ಕ್ರ್‌ರ್‌ರ್’ ಅಂತ ಗುರುಗುಟ್ಟಿದಳು. ಒಂದು ಸಲ ಕುಕ್ಕಿಸಿಕೊಂಡು ಹೊಟ್ಟೆಯಡಿ ಬೆರಳು ತೂರಿಸಿದೆ. ಎದೆಯ ಕೆಳಗೆ ಗರಿಯೇ ಇಲ್ಲ, ಬರಿ ಚರ್ಮ, ಕಾದ ತವೆಯ ಪಕ್ಕದಲ್ಲಿ ಕೈ ಇಟ್ಟಂಥ ಬಿಸಿ. ಆದರೆ ಅದರಡಿ ಒಂದೇ ಒಂದು ಮೊಟ್ಟೆಯೂ ಇರಲಿಲ್ಲ. ಇಟ್ಟಿದ್ದನ್ನೆಲ್ಲ ಮನೆಯವರು ದಿನಾ ಎತ್ತಿಕೊಂಡಿದ್ದರು. ಖಾಲಿ ಹುಲ್ಲನ್ನೇ ಮೂರು ದಿನದಿಂದ ಕಾಯುತ್ತಿದ್ದಳು ಪಾಪ.

“ರೋಗ ಅಲ್ಲ ಕಣಮ್ಮ, ಕಾವಿಗೆ ಕೂತೈತೆ” ಅಂದೆ. ಆಮೇಲೆ ಅವಳಿಗೆ ಹೇಳಿದ ಮಾತನ್ನೇ ಇಲ್ಲೂ ಮೊದಲಿಗೆ ಹೇಳಿಬಿಡುತ್ತೇನೆ. ಕಾವಿಗೆ ಕೂತ ಕೋಳಿಗೆ ಎರಡೇ ದಾರಿ. ಮರಿ ಮಾಡಿಸಬೇಕು, ಇಲ್ಲವೇ ಕಾವು ಬಿಡಿಸಬೇಕು. ಯಾವುದಾದರೂ ಸರಿ, ಮೂರು ನಾಲ್ಕು ದಿನದೊಳಗೆ ತೀರ್ಮಾನ ಮಾಡಬೇಕು. ‘ಅದಾಗೇ ಏಳುತ್ತೆ ಬಿಡು’ ಅಂತ ಖಾಲಿ ಮಂಕರಿಯ ಮೇಲೆ ವಾರಗಟ್ಟಲೆ ಬಿಡುವುದೇ ಅದಕ್ಕೆ ನಾವು ಮಾಡುವ ದೊಡ್ಡ ಅನ್ಯಾಯ. ಮೊಟ್ಟೆಯಿದ್ದರೆ 21 ದಿನಕ್ಕೆ ಮರಿಯ ಸದ್ದು ಕೇಳಿ ಕಾವು ಮುಗಿಯುತ್ತದೆ. ಮೊಟ್ಟೆಯೇ ಇಲ್ಲದಿದ್ದರೆ ಮುಗಿಸುವ ಸದ್ದೂ ಇಲ್ಲ. ಕೆಲವು ಹೇಂಟೆಗಳು ತಿಂಗಳಿಗೂ ಮೀರಿ ಕೂತು, ಎದೆಮೂಳೆ ಕೈಗೆ ಚೂಪಾಗಿ ಸಿಗುವಷ್ಟು ಸೊರಗಿಬಿಡುತ್ತವೆ.

ಮೈಯೊಳಗೆ ಏನಾಗುತ್ತದೆ

ಕಾವು ಕೋಳಿಯ ಹಟವಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಬರತೊಡಗುತ್ತದೆ. ಹಸು ಎಮ್ಮೆಗಳಲ್ಲಿ ಹಾಲು ಉತ್ಪತ್ತಿಗೆ ಬೇಕಾದದ್ದೂ ಇದೇ ಹಾರ್ಮೋನು. ಕೋಳಿಯಲ್ಲಿ ಇದು ಏರಿತೆಂದರೆ ಮೊಟ್ಟೆ ಇಡಿಸುವ ಹಾರ್ಮೋನುಗಳು ಇಳಿಯುತ್ತವೆ. ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೆಂಪಗಿದ್ದ ಜುಟ್ಟು ಚಿಕ್ಕದಾಗಿ ಬಿಳಚಿಕೊಳ್ಳುತ್ತದೆ, ಹಸಿವು ಇಳಿಯುತ್ತದೆ. ಎದೆಯ ಗರಿ ಉದುರಿ ಅಲ್ಲಿನ ಚರ್ಮಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ಮರಿ ಬೆಳೆಯಲು ಮೊಟ್ಟೆಗೆ ಬೇಕಾದದ್ದು 37.5ರ ಆಸುಪಾಸು. ಗರಿ ಅಡ್ಡ ಇದ್ದರೆ ಆ ಬಿಸಿ ಮೊಟ್ಟೆಗೆ ದಾಟುವುದಿಲ್ಲ. ಅದಕ್ಕೇ ಆ ಬೆತ್ತಲೆ ಎದೆ.

ಇದರಲ್ಲಿ ನಮಗೆ ಕೆಲಸಕ್ಕೆ ಬರುವ ಸಂಗತಿ ಒಂದಿದೆ. ಕತ್ತಲ ಮೂಲೆ, ಬೆಚ್ಚನೆಯ ಹುಲ್ಲು, ಎದೆಯ ಚರ್ಮಕ್ಕೆ ತಾಗುವ ಮೊಟ್ಟೆ, ಇವೆಲ್ಲ ಸೇರಿ ಪ್ರೊಲ್ಯಾಕ್ಟಿನ್ ಅನ್ನು ಏರಿಸಿ ಅಲ್ಲೇ ಹಿಡಿದಿಡುತ್ತವೆ. ಕೂತಷ್ಟೂ ಕಾವು ಹೆಚ್ಚುತ್ತದೆ, ಕಾವು ಹೆಚ್ಚಿದಷ್ಟೂ ಕೂರುತ್ತದೆ. ಗೂಡಿನಿಂದ ಬೇರೆ ಮಾಡಿದರೆ ಹಾರ್ಮೋನು ಬೇಗ ಇಳಿಯುತ್ತದೆ. ಕಾವು ಬಿಡಿಸುವ ಒಳ್ಳೆಯ ಉಪಾಯಗಳೆಲ್ಲ ಈ ಒಂದು ಕೊಂಡಿಯನ್ನು ಕಳಚುವ ಉಪಾಯಗಳೇ.

ಎಲ್ಲ ತಳಿಗೂ ಈ ಗುಣ ಒಂದೇ ಸಮ ಇಲ್ಲ. ಫಾರಂಗಳಲ್ಲಿರುವ ಬಿಳಿ ಲೆಗ್‌ಹಾರ್ನ್ ಜಾತಿಯಲ್ಲಿ ಮೊಟ್ಟೆ ನಿಲ್ಲಬಾರದೆಂದು ತಲೆಮಾರುಗಟ್ಟಲೆ ಕಾವು ಕೂರದವನ್ನೇ ಆರಿಸಿ ಬೆಳೆಸಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳೂ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಮ್ಮ ನಾಟಿ ಹೇಂಟೆ ಹಾಗಲ್ಲ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು, ನಿಲ್ಲಿಸಿ, ಕೂತುಬಿಡುತ್ತದೆ. 21 ದಿನ ಕಾವು, ಆಮೇಲೆ ಒಂದೂವರೆ ಎರಡು ತಿಂಗಳು ಮರಿ ಸಾಕಣೆ. ವರ್ಷಕ್ಕೆ ಮೂರು ನಾಲ್ಕು ಸುತ್ತು ಅಷ್ಟೇ. ನಾಟಿ ಕೋಳಿ ಕಡಿಮೆ ಮೊಟ್ಟೆ ಇಡುತ್ತದೆ ಎಂದು ದೂರುವವರು ಈ ಲೆಕ್ಕ ಹಾಕುವುದಿಲ್ಲ. ಅದು ಮೊಟ್ಟೆಯ ಜೊತೆಗೆ ಮರಿ ಮಾಡುವ ಕೆಲಸವನ್ನೂ ಕರೆಂಟಿಲ್ಲದೆ ತಾನೇ ಮಾಡಿಕೊಡುತ್ತಿದೆ.

ನಿಜವಾದ ಕಾವು ಯಾವುದು

ಮೊಟ್ಟೆ ಇಡಲು ಒಂದೆರಡು ಗಂಟೆ ಕೂರುವುದು ಬೇರೆ, ಕಾವು ಬೇರೆ. ರಾತ್ರಿ ನೋಡಿ. ಉಳಿದವೆಲ್ಲ ಗೂಡಿನ ಕೋಲಿನ ಮೇಲೆ ಹತ್ತಿದರೂ ಇದೊಂದು ಮೊಟ್ಟೆ ಇಡುವ ಜಾಗದಲ್ಲೇ ಮಲಗಿದ್ದರೆ ಅದು ಕಾವು. ಹಗಲಲ್ಲಿ ಒಮ್ಮೆ ಕೆಳಗಿಳಿದಾಗ ರೆಕ್ಕೆ ಇಳಿಬಿಟ್ಟು ‘ಲೊಕ್ ಲೊಕ್’ ಎನ್ನುತ್ತ, ಮೈ ಉಬ್ಬಿಸಿಕೊಂಡು, ಬೇರೆ ಕೋಳಿಗಳ ಮೇಲೆ ಹರಿಹಾಯುತ್ತ ಓಡಾಡುತ್ತದೆ. ದಿನಕ್ಕೊಂದು ಸಲ ಹಾಕುವ ಹಿಕ್ಕೆ ನಿಂಬೆಹಣ್ಣಿನಷ್ಟು ದಪ್ಪ, ಮೂಗು ಬಿಡಲಾಗದಷ್ಟು ನಾತ. ಗೂಡು ಗಲೀಜಾಗದಿರಲೆಂದು ಅಷ್ಟು ಹೊತ್ತು ತಡೆದುಕೊಂಡಿದ್ದರಿಂದ ಹಾಗಾಗಿರುತ್ತದೆ, ಹೆದರಬೇಕಿಲ್ಲ.

ಹೆದರಬೇಕಾದ ಗುರುತುಗಳು ಬೇರೆ. ಕಣ್ಣು ಮುಚ್ಚಿ ತೂಕಡಿಸುವುದು, ಹಸಿರು ಬಿಳಿ ನೀರು ಭೇದಿ, ಕೊಕ್ಕು ತೆರೆದು ಉಸಿರೆಳೆಯುವುದು, ಕತ್ತು ತಿರುಚುವುದು. ಇವು ಕಂಡರೆ ಕಾವಲ್ಲ, ರಾಣಿಖೇತ್ ಇರಬಹುದು. ಹಳ್ಳಿಯಲ್ಲಿ ಕೊಕ್ಕರೆ ರೋಗ ಅನ್ನುವುದು ಅದನ್ನೇ. ಆ ಕೋಳಿಯನ್ನು ಕೂಡಲೇ ಬೇರೆ ಮಾಡಿ ಪಶು ಆಸ್ಪತ್ರೆಗೆ ತಿಳಿಸಿ. ಇನ್ನು ಬಾಲ ಇಳಿಬಿಟ್ಟು ತಿಣುಕುತ್ತ, ಕೂತು ಎದ್ದು ಮಾಡುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಕಾವಿನ ಕೋಳಿ ಮಂಕಾಗಿರುವುದಿಲ್ಲ, ನೀವು ಹತ್ತಿರ ಹೋದೊಡನೆ ಪೂರ್ತಿ ಎಚ್ಚರವಾಗುತ್ತದೆ.

ಎಬ್ಬಿಸುವುದಾದರೆ

ಮರಿ ಬೇಡ ಅನ್ನುವವರು, ಹುಂಜ ಇಲ್ಲದವರು, ಬಿರುಬೇಸಿಗೆಯಲ್ಲಿ ಸಿಕ್ಕಿಕೊಂಡವರು ಕಾವು ಬಿಡಿಸಬೇಕಾಗುತ್ತದೆ. ನಮ್ಮ ಕಡೆ ಇದಕ್ಕೆ ಹಳೆಯ ಪದ್ಧತಿಗಳಿವೆ. ಬಕೆಟ್ ನೀರಿನಲ್ಲಿ ಅದ್ದುವುದು, ಕಾಲಿಗೆ ದಾರ ಕಟ್ಟಿ ಬಿಸಿಲಲ್ಲಿ ಬಿಡುವುದು, ಉದುರಿದ ಗರಿಯನ್ನೇ ಮೂಗಿನ ಹೊಳ್ಳೆಯಲ್ಲಿ ಈ ಕಡೆಯಿಂದ ಆ ಕಡೆಗೆ ತೂರಿಸುವುದು. ಈ ಕೊನೆಯದನ್ನು ದಯವಿಟ್ಟು ಮಾಡಬೇಡಿ. ಉಸಿರಾಡಲಾಗದ ಹಿಂಸೆಗೆ ಕೋಳಿ ಗೂಡು ಬಿಟ್ಟು ಓಡಾಡಬಹುದು, ಆದರೆ ಅಲ್ಲಿ ಗಾಯವಾಗಿ ಕೀವು ಕಟ್ಟುವುದನ್ನು ನಾನೇ ನೋಡಿದ್ದೇನೆ. ನೀರಲ್ಲಿ ಅದ್ದುವುದರಿಂದ ಹೊಟ್ಟೆ ತಣ್ಣಗಾಗುವುದು ಸ್ವಲ್ಪ ಹೊತ್ತು ಮಾತ್ರ. ಗರಿ ಒಣಗಿದ ಮೇಲೆ ಮತ್ತೆ ಮಂಕರಿಗೇ ಓಡುತ್ತದೆ. ಡಿಸೆಂಬರ್ ಚಳಿಯಲ್ಲಿ ಅದ್ದಿದರೆ ಕೋಳಿಯೇ ಹೋದೀತು.

ನಿಜವಾಗಿ ಕೆಲಸ ಮಾಡುವುದು ಸತತವಾದ ತಂಪು, ಬೆಳಕು, ಗೂಡಿಲ್ಲದ ಜಾಗ. ಇದಕ್ಕೆ ನಮ್ಮ ಕೋಲಾರ ಚಿಂತಾಮಣಿ ಸೀಮೆಯಲ್ಲಿ ಹೇಳಿ ಮಾಡಿಸಿದ ವಸ್ತು ಟೊಮ್ಯಾಟೊ ಕ್ರೇಟು. ಅಡಿಭಾಗ ಜಾಲರಿಯಂತಿರುವ ಕ್ರೇಟು ಒಂದನ್ನು ನಾಲ್ಕು ಇಟ್ಟಿಗೆಯ ಮೇಲೆ ಇಡಿ, ಗಾಳಿ ಕೆಳಗಿಂದ ಆಡಬೇಕು. ಕೋಳಿಯನ್ನು ಒಳಗೆ ಬಿಟ್ಟು ಇನ್ನೊಂದು ಕ್ರೇಟನ್ನು ಬೋರಲಾಗಿ ಮೇಲೆ ಮುಚ್ಚಿ, ನಾಲ್ಕು ಮೂಲೆಗೆ ದಾರ ಕಟ್ಟಿ. ಒಳಗೆ ಹುಲ್ಲು, ಗೋಣಿ, ಏನೂ ಬೇಡ. ಬಟ್ಟಲಲ್ಲಿ ನೀರು, ಮೇವು ಇರಲೇಬೇಕು. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಡೆ, ಉಳಿದ ಕೋಳಿಗಳು ಕಣ್ಣಿಗೆ ಕಾಣುವಂತೆ ಇಡಿ. ರಾತ್ರಿ ನಾಯಿ ಬೆಕ್ಕು ಬರದ ಜಾಗಕ್ಕೆ ಕ್ರೇಟಿನ ಸಮೇತ ಸಾಗಿಸಿ.

ಮೂರನೇ ದಿನ ಸಂಜೆ ಬಿಟ್ಟು ನೋಡಿ. ನೇರ ಮಂಕರಿಗೆ ಓಡಿದರೆ ಇನ್ನೂ ಎರಡು ದಿನ ಒಳಗಿರಲಿ. ಕೆರೆಯುತ್ತ ಉಳಿದವುಗಳ ಜೊತೆ ಸೇರಿಕೊಂಡು, ಕತ್ತಲಾದ ಮೇಲೆ ಕೋಲಿನ ಮೇಲೆ ಹತ್ತಿ ಮಲಗಿದರೆ ಕಾವು ಬಿಟ್ಟಿತೆಂದು ಲೆಕ್ಕ. ಕೂತ ಮೊದಲ ಎರಡು ಮೂರು ದಿನದಲ್ಲೇ ಕ್ರೇಟಿಗೆ ಹಾಕಿದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಸಾಕು. ಎರಡು ವಾರ ಕೂರಿಸಿ ಆಮೇಲೆ ಹಾಕಿದರೆ ಅದೇ ಕೆಲಸಕ್ಕೆ ವಾರಕ್ಕೂ ಮೇಲೆ ಹಿಡಿಯುತ್ತದೆ. ಬಿಟ್ಟ ಕೂಡಲೇ ಮೊಟ್ಟೆ ಬರುವುದಿಲ್ಲ, ಕುಗ್ಗಿದ ಅಂಡಾಶಯ ಮತ್ತೆ ತುಂಬಿಕೊಳ್ಳಲು ಎರಡು ಮೂರು ವಾರ ಬೇಕು. ಈ ಹೊತ್ತಿನಲ್ಲಿ ಚೆನ್ನಾಗಿ ಮೇವು ಕೊಡಿ. ದಿನಾ ಮೊಟ್ಟೆ ಎತ್ತಿದರೆ ಕೋಳಿ ಕಾವಿಗೆ ಬರುವುದು ಸ್ವಲ್ಪ ತಡವಾಗುತ್ತದೆ, ಆದರೆ ನಾಟಿ ಹೇಂಟೆಯಲ್ಲಿ ಪೂರ್ತಿ ತಪ್ಪುವುದಿಲ್ಲ.

ಕೂರಿಸುವುದಾದರೆ ಮೊದಲು ಮೊಟ್ಟೆ

ಕೆಂಚಿಯನ್ನು ಕೂರಿಸೋಣ ಅಂತ ಆಯಿತು. ಕಾಲ ಚೆನ್ನಾಗಿತ್ತು. ನಮ್ಮ ಕಡೆ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿವರೆಗೆ ಮರಿ ಮಾಡಿಸಲು ಒಳ್ಳೆ ಸಮಯ. ಮಳೆ ಕಮ್ಮಿ, ಮೊಟ್ಟೆ ಕೆಡುವಂಥ ಸೆಖೆಯಿಲ್ಲ, ರಾಗಿ ಕಣದ ಕಾಳು, ಅವರೆ ಹೊಲದ ಹುಳ ಎರಡೂ ಮರಿಗಳಿಗೆ ಸಿಗುತ್ತವೆ. ಚಳಿಯನ್ನು ತಾಯಿ ನೋಡಿಕೊಳ್ಳುತ್ತಾಳೆ.

ಆದರೆ ಆ ಮನೆಯಲ್ಲಿ ಹುಂಜವೇ ಇರಲಿಲ್ಲ. “ಮೊಟ್ಟೆ ದಿನಾ ಬರ್ತಿತ್ತಲ್ಲ ಅಕ್ಕ?” ಅಂದಳು. ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿಯಾಗಲು ಬೇಕು. ಅಂಗಡಿಯ ಫಾರಂ ಮೊಟ್ಟೆಯನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿಯಾಗದಿರುವುದು ಇದಕ್ಕೇ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಒಮ್ಮೆ ಹುಂಜ ಸೇರಿದ ಮೇಲೆ ಹತ್ತು ದಿನದ ಹತ್ತಿರದವರೆಗೂ ಫಲವಾದ ಮೊಟ್ಟೆ ಬರುತ್ತಿರುತ್ತದೆ. ನಮ್ಮ ಮನೆಯ ಮೊಟ್ಟೆಗಳಲ್ಲೇ ಹನ್ನೊಂದನ್ನು ಆರಿಸಿ ಕೊಟ್ಟೆ. ಬೆಸ ಸಂಖ್ಯೆಯಲ್ಲಿ ಇಡುವುದು ನಮ್ಮಮ್ಮನ ಕಾಲದ ರೂಢಿ, ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಮುಖ್ಯ ಏನೆಂದರೆ ಎಲ್ಲ ಮೊಟ್ಟೆಯೂ ಕೋಳಿಯ ಮೈಯಡಿ ಪೂರ್ತಿ ಮುಚ್ಚಬೇಕು. ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು, ಮೊದಲ ಸಲ ಕೂರುವ ಚಿಕ್ಕ ಕೋಳಿಗೆ ಏಳೆಂಟು. ಆಸೆಗೆ ಬಿದ್ದು ಹದಿನೈದು ಇಟ್ಟರೆ ಅಂಚಿನ ಮೊಟ್ಟೆ ತಣ್ಣಗಾಗುತ್ತದೆ. ಕೋಳಿ ದಿನಾ ಮೊಟ್ಟೆಗಳನ್ನು ಸ್ಥಳ ಬದಲಿಸುವುದರಿಂದ ಇವತ್ತು ಒಂದು, ನಾಳೆ ಇನ್ನೊಂದು ಹೀಗೆ ಸರದಿಯಲ್ಲಿ ಹಲವು ಕೆಡುತ್ತವೆ.

ಹನ್ನೊಂದು ದಿನ ಒಂದೊಂದಾಗಿ ಇಟ್ಟ ಮೊಟ್ಟೆಗಳು ಒಂದೇ ದಿನ ಹೇಗೆ ಮರಿಯಾಗುತ್ತವೆ? ಇದು ನನಗೆ ಚಿಕ್ಕಂದಿನಲ್ಲಿ ತುಂಬ ಕಾಡಿದ ಪ್ರಶ್ನೆ. ಮೊಟ್ಟೆ ತಂಪಾಗಿರುವವರೆಗೆ ಒಳಗಿನ ಜೀವ ನಿದ್ದೆಯಲ್ಲಿರುತ್ತದೆ, ಬೆಳೆಯುವುದಿಲ್ಲ. ಕೋಳಿ ಬಿಡದೆ ಕೂತ ದಿನದಿಂದ ಎಲ್ಲಕ್ಕೂ ಒಟ್ಟಿಗೇ ಎಣಿಕೆ ಶುರು. ಮೊಟ್ಟೆ ಕೂಡಿಡಲು ಒಳ್ಳೆಯದು 15ರಿಂದ 18 ಡಿಗ್ರಿಯ ತಂಪು. ಏಪ್ರಿಲ್‌ನಲ್ಲಿ ನಮ್ಮ ಮನೆಗಳ ಒಳಗೇ 33, 34 ಡಿಗ್ರಿ ಇರುತ್ತದೆ. ಅದು ಮಲಗಿಸುವ ತಂಪೂ ಅಲ್ಲ, ಬೆಳೆಸುವ ಕಾವೂ ಅಲ್ಲ. ಜೀವ ಅರೆಬರೆ ಬೆಳೆದು ಸಾಯುತ್ತದೆ. ಬೇಸಿಗೆಯಲ್ಲಿ ಮರಿ ಕಮ್ಮಿಯಾಗುವುದಕ್ಕೆ ಇದೇ ದೊಡ್ಡ ಕಾರಣ. ಆದ್ದರಿಂದ ಚಳಿಗಾಲದಲ್ಲಿ ವಾರದೊಳಗಿನ ಮೊಟ್ಟೆ, ಬೇಸಿಗೆಯಾದರೆ ಮೂರು ನಾಲ್ಕು ದಿನದೊಳಗಿನವು ಮಾತ್ರ ಇಡಿ. ಹಸಿ ಮರಳಿನ ಮೇಲೆ ಮಡಕೆ ಇಟ್ಟು, ಅದರೊಳಗೆ ರಾಗಿ ಹರಡಿ, ದಪ್ಪ ತುದಿ ಮೇಲಾಗಿ ನಿಲ್ಲಿಸುವುದು ನಮ್ಮಮ್ಮ ಮಾಡುತ್ತಿದ್ದ ಕ್ರಮ. ನಾನೂ ಅದನ್ನೇ ಮಾಡುತ್ತೇನೆ. ಮೊಟ್ಟೆ ತೊಳೆಯಬೇಡಿ. ಮೇಲಿನ ಪದರ ಹೋದರೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಸೋಂಕು ಒಳಗಿಳಿಯುತ್ತದೆ. ಹಿಕ್ಕೆ ಮೆತ್ತಿದ್ದು, ಬಿರುಕು ಬಿಟ್ಟದ್ದು, ತೀರಾ ಉದ್ದ ಅಥವಾ ಗುಂಡು ಇರುವುದನ್ನು ಅಡುಗೆಗೆ ತೆಗೆದುಕೊಳ್ಳಿ.

ಮಂಕರಿ ಅಗಲವಾಗಿ, ಆಳ ಕಡಿಮೆ ಇರಲಿ. ತಳಕ್ಕೆ ಎರಡು ಮೂರು ಅಂಗುಲ ಮಣ್ಣು ಅಥವಾ ಮರಳು ಹಾಕಿ, ನಡುವೆ ಅಂಗೈಯಿಂದ ಒತ್ತಿ ಸ್ವಲ್ಪ ತಗ್ಗು ಮಾಡಿ, ಮೇಲೆ ಒಣ ರಾಗಿ ಹುಲ್ಲು. ತಗ್ಗು ಹೆಚ್ಚಾದರೆ ಮೊಟ್ಟೆ ಒಂದರ ಮೇಲೊಂದು ಏರುತ್ತದೆ, ತಗ್ಗೇ ಇಲ್ಲದಿದ್ದರೆ ಉರುಳಿ ಹೊರಗೆ ಹೋಗುತ್ತದೆ. ಹುಲ್ಲಿನಡಿ ಒಲೆಯ ಬೂದಿ ಒಂದು ಹಿಡಿ, ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪು ಒಂದಿಷ್ಟು.

ಈ ಬೂದಿ ಸೊಪ್ಪಿನ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ನನ್ನ ಒಳ್ಳೆಯ ಕರಿ ಹೇಂಟೆಯೊಂದು 16ನೇ ದಿನ ಇದ್ದಕ್ಕಿದ್ದಂತೆ ಎದ್ದು ಹೋಯಿತು. ಎಷ್ಟು ಕೂರಿಸಿದರೂ ನಿಲ್ಲಲಿಲ್ಲ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಮಂಕರಿಯ ಹೆಣಿಗೆ ಸಂದಿನಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹುಳಗಳು ಗುಂಪುಗುಂಪಾಗಿ ಹರಿದಾಡುತ್ತಿದ್ದವು. ಹಗಲಲ್ಲಿ ಸಂದಿಯಲ್ಲಿ ಅಡಗಿದ್ದು, ರಾತ್ರಿ ಕೂತ ಕೋಳಿಯ ರಕ್ತ ಹೀರುತ್ತವೆ. ಎದ್ದು ಓಡಲಾಗದ ಕಾವಿನ ಕೋಳಿಯಂತೂ ಅವಕ್ಕೆ ಸುಲಭದ ತುತ್ತು. ಮಾರನೇ ದಿನ ಒಡೆದು ನೋಡಿದರೆ ಹನ್ನೊಂದರಲ್ಲಿ ಒಂಬತ್ತು ಗರಿ ಬಂದ ಮರಿಗಳು, ತಣ್ಣಗೆ. ಅವತ್ತಿಂದ ಮಂಕರಿಯನ್ನು ಕುದಿಯುವ ನೀರು ಸುರಿದು ಎರಡು ದಿನ ಬಿಸಿಲಿಗೆ ಹಾಕದೆ ನಾನು ಯಾವ ಕೋಳಿಯನ್ನೂ ಕೂರಿಸಿಲ್ಲ. ಕೂರಿಸುವ ಮುಂಚೆ ರೆಕ್ಕೆಯಡಿ, ಬಾಲದ ಬುಡದಲ್ಲಿ ಗರಿ ಬಿಡಿಸಿ ಕೋಳಿ ಹೇನು ಇದೆಯೇ ನೋಡಿ. ಇದ್ದರೆ ಪಶುವೈದ್ಯರನ್ನು ಕೇಳಿ ಪುಡಿ ಹಾಕಿಸಿ, ಆಮೇಲೆ ಕೂರಿಸಿ.

ಕೋಳಿಯನ್ನು ಹೊಸ ಜಾಗಕ್ಕೆ ಸಾಗಿಸುವುದಿದ್ದರೆ ಕತ್ತಲಾದ ಮೇಲೆ. ಮೊದಲ ಎರಡು ರಾತ್ರಿ ಒಂದೆರಡು ಬೇಡದ ಮೊಟ್ಟೆ ಇಟ್ಟು ಪರೀಕ್ಷಿಸಿ. ಅಲ್ಲಾಡದೆ ಕೂತರೆ ಆಗ ಆರಿಸಿದ ಮೊಟ್ಟೆಗಳನ್ನು ಒಟ್ಟಿಗೆ ಇಡಿ. ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬೇರೆ ಕೋಳಿಗಳು ಬಂದು ಅದೇ ಮಂಕರಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಗೆರೆಯಿಲ್ಲದ್ದನ್ನು ದಿನಾ ಸಂಜೆ ತೆಗೆಯದಿದ್ದರೆ 21ನೇ ದಿನಕ್ಕೆ ಮರಿಯೂ, ಅರ್ಧ ಬೆಳೆದದ್ದೂ, ಹಸಿ ಮೊಟ್ಟೆಯೂ ಒಂದೇ ಕಡೆ ಸೇರಿ, ತಾಯಿ ಮರಿ ಕರೆದುಕೊಂಡು ಎದ್ದು ಹೋದಾಗ ಉಳಿದ ಜೀವಗಳು ಸಾಯುತ್ತವೆ.

ಆ 21 ದಿನ

ಕೂತ ಮೇಲೆ ನಮ್ಮ ಕೆಲಸ ಕಡಿಮೆ, ಇದ್ದಷ್ಟನ್ನು ಮರೆಯಬಾರದು. ದಿನಕ್ಕೊಮ್ಮೆ ಕೋಳಿ ಎದ್ದು ಹಿಕ್ಕೆ ಹಾಕಿ, ಕಾಳು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಾಡಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ವಾಪಸಾಗಬೇಕು. ಅಷ್ಟು ಹೊತ್ತು ತೆರೆದಿದ್ದರೆ ಮೊಟ್ಟೆಗೆ ಏನೂ ಆಗುವುದಿಲ್ಲ. ಕೆಲವು ತಾಯಂದಿರು ಏಳುವುದೇ ಇಲ್ಲ. ಅಂಥವನ್ನು ನಾವೇ ಎತ್ತಬೇಕು. ಎರಡೂ ಕೈ ಹೊಟ್ಟೆಯಡಿ ತೂರಿಸಿ ಮೊದಲು ರೆಕ್ಕೆಗಳನ್ನು ಮೆಲ್ಲಗೆ ಬಿಡಿಸಿ. ರೆಕ್ಕೆಯ ಕಂಕುಳಲ್ಲಿ ಮೊಟ್ಟೆ ಅವುಚಿಕೊಂಡಿರುತ್ತವೆ, ಹಾಗೇ ಎತ್ತಿದರೆ ಬಿದ್ದು ಒಡೆಯುತ್ತವೆ. ಮೇವಿಗೆ ರಾಗಿ, ಜೋಳದಂಥ ಒಣ ಕಾಳೇ ಚೆನ್ನ. ಅನ್ನ ಸೊಪ್ಪು ಹೆಚ್ಚಾದರೆ ಹಿಕ್ಕೆ ನೀರಾಗಿ ಗೂಡು ಕೆಡುತ್ತದೆ.

ಮೊಟ್ಟೆ ತಿರುಗಿಸುವ ಕೆಲಸ ಅದರದ್ದೇ. ದಿನಕ್ಕೆ ಹಲವಾರು ಬಾರಿ ಕೊಕ್ಕಿನಿಂದ ತನ್ನ ಕಡೆಗೆ ಎಳೆದು ಹೊರಳಿಸುತ್ತದೆ. ತಿರುಗಿಸದಿದ್ದರೆ ಬೆಳೆಯುವ ಜೀವ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ.

ಏಳನೇ ರಾತ್ರಿ ಕೆಂಚಿಯ ಮೊಟ್ಟೆ ನೋಡಲು ಹೋದೆವು. ರಟ್ಟಿನ ತುಂಡಿಗೆ ಮೊಟ್ಟೆಗಿಂತ ಸಣ್ಣ ತೂತು ಮಾಡಿ, ಮೊಬೈಲ್ ಟಾರ್ಚಿನ ಮೇಲೆ ಹಿಡಿದು, ತೂತಿನ ಮೇಲೆ ದಪ್ಪ ತುದಿ ಇಟ್ಟು ನೋಡುವುದು. ದೀಪ ಆರಿಸಿದ ಕೋಣೆಯಲ್ಲಿ ಮೊದಲ ಮೊಟ್ಟೆ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು, ಕಣ್ಣಿಟ್ಟು ನೋಡಿದರೆ ಆ ಚುಕ್ಕೆ ಅಲುಗುತ್ತಿದೆ. ಹುಡುಗಿ ಮಾತೇ ಆಡಲಿಲ್ಲ. ಎರಡು ಮೊಟ್ಟೆ ಮಾತ್ರ ಏನೂ ಇಲ್ಲದೆ ತಿಳಿಯಾಗಿದ್ದವು, ಫಲವಾಗದವು. ನರಗಳಿಲ್ಲದೆ ಉಂಗುರದಂಥ ಕೆಂಪು ಗೆರೆ ಮಾತ್ರ ಕಂಡರೆ ಜೀವ ಬೆಳೆದು ಸತ್ತಿದೆ ಎಂದರ್ಥ. ಇಂಥವನ್ನು ತೆಗೆದುಬಿಡಬೇಕು. ಬಿಟ್ಟರೆ ಒಳಗೇ ಕೊಳೆತು, ಒಡೆದು, ಆ ನಾತದ ನೀರು ಒಳ್ಳೆಯ ಮೊಟ್ಟೆಗಳಿಗೂ ಮೆತ್ತಿಕೊಳ್ಳುತ್ತದೆ. 14ನೇ ರಾತ್ರಿ ಇನ್ನೊಮ್ಮೆ ನೋಡಬಹುದು. ಆಗ ದಪ್ಪ ತುದಿಯ ಗಾಳಿಯ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಗೆ ಕಾಣಬೇಕು.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಮಂಕರಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು, ಒಣಮೆಣಸಿನಕಾಯಿ ಇಡುವ ರೂಢಿ ನಮ್ಮಲ್ಲಿದೆ. ಗುಡುಗಿನ ಸದ್ದು ಮೊಟ್ಟೆಯೊಳಗಿನ ಮರಿಯನ್ನು ಕೊಲ್ಲುವುದಿಲ್ಲ. ಗುಡುಗು ಹೆಚ್ಚಾಗಿ ಬರುವುದು ಏಪ್ರಿಲ್ ಮೇ ತಿಂಗಳಲ್ಲಿ, ಆ ಸೆಖೆಯಲ್ಲಿ ಮೊದಲೇ ಕೆಟ್ಟ ಮೊಟ್ಟೆಗಳ ಪಾಪ ಗುಡುಗಿನ ತಲೆಗೆ ಬಂದಿದೆ ಅಂತ ನನ್ನ ನಂಬಿಕೆ. ಇಡುವವರು ಇಡಲಿ, ಜೊತೆಗೆ ಮಂಕರಿಯ ತಳದ ಮಣ್ಣಿನ ಅಂಚಿಗೆ ಬೇಸಿಗೆಯಲ್ಲಿ ಸ್ವಲ್ಪ ನೀರು ಚಿಮುಕಿಸಲಿ. ಗಾಳಿ ತೀರಾ ಒಣಗಿದ್ದರೆ ಒಳಪೊರೆ ಗಟ್ಟಿಯಾಗಿ ಮರಿ ಹೊರಬರಲು ಕಷ್ಟಪಡುತ್ತದೆ.

18ನೇ ದಿನದ ಮೇಲೆ ಮೊಟ್ಟೆ ಮುಟ್ಟಬೇಡಿ. ಮರಿ ಒಳಗೆ ತಿರುಗಿ, ಕೊಕ್ಕನ್ನು ಗಾಳಿಯ ಜಾಗಕ್ಕೆ ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಆಗಿನಿಂದಲೇ ಚಿಪ್ಪಿನೊಳಗಿಂದ ‘ಚಿಂವ್’ ಅನ್ನುವ ಸದ್ದು, ತಾಯಿ ಅದಕ್ಕೆ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಾಳೆ. ಹುಟ್ಟುವ ಮುಂಚೆಯೇ ತಾಯಿಮಕ್ಕಳ ಮಾತು ಶುರುವಾಗಿರುತ್ತದೆ. ಚಿಪ್ಪಿನಲ್ಲಿ ಮೊದಲ ಬಿರುಕು ಬಿದ್ದ ಮೇಲೆ ಪೂರ್ತಿ ಹೊರಬರಲು ಒಂದು ಹಗಲು ರಾತ್ರಿ ಹಿಡಿದರೂ ಸಹಜ. ಪಾಪ ಅಂತ ಚಿಪ್ಪು ಬಿಡಿಸಲು ಹೋಗಬೇಡಿ. ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಹೊಟ್ಟೆಯೊಳಗೆ ಹಳದಿ ಪೂರ್ತಿ ಸೇರಿರುವುದಿಲ್ಲ. ಎಳೆದರೆ ರಕ್ತ ಸೋರಿ ಸಾಯುತ್ತದೆ. ಆ ಹಳದಿಯೇ ಮೊದಲ ಎರಡು ದಿನದ ಬುತ್ತಿ, ಅಷ್ಟು ಹೊತ್ತು ಮರಿಗೆ ಮೇವಿನ ಅವಸರವಿಲ್ಲ. ತಡವಾದ ಮೊಟ್ಟೆಗಳಿಗೆ ತಾಯಿ ಕಾದು ಕೂರಲು ಅನುಕೂಲವಾಗಿರುವುದೂ ಅದೇ ಬುತ್ತಿಯಿಂದ.

ಮೊಟ್ಟೆ ಸಿಗದವರಿಗೆ ಇನ್ನೊಂದು ದಾರಿ ಇದೆ. ಬೇಡದ ಮೊಟ್ಟೆಗಳ ಮೇಲೆ ಎರಡು ವಾರವಾದರೂ ಕೂರಿಸಿ, ಒಂದು ದಿನದ ಗಿರಿರಾಜ ಅಥವಾ ಸ್ವರ್ಣಧಾರ ಮರಿಗಳನ್ನು ತಂದು ರಾತ್ರಿ ಹೊಟ್ಟೆಯಡಿ ಒಂದೊಂದಾಗಿ ಸೇರಿಸಿ, ಮೊಟ್ಟೆಗಳನ್ನು ಎತ್ತಿಬಿಡುವುದು. ಬೆಳಗಿನ ಜಾವ ನೀವು ಅಲ್ಲಿರಬೇಕು. ತಾಯಿ ‘ಲೊಕ್ ಲೊಕ್’ ಅಂದರೆ ಗೆದ್ದಂತೆ, ಕುಕ್ಕಿದರೆ ಕೂಡಲೇ ಮರಿ ತೆಗೆಯಿರಿ. ವಾರದ ಮರಿ ತಂದರೆ ಅವು ತಾಯಿಯ ಮಾತು ಕೇಳುವುದಿಲ್ಲ.

ಮರಿ ಬಂದ ಮೇಲೆ

ಕೆಂಚಿಯಡಿ ಉಳಿದಿದ್ದ ಒಂಬತ್ತರಲ್ಲಿ ಎಂಟು ಪಿಳ್ಳೆ ಬಂದವು. ಕಾವಿಗಿಂತ ಕಷ್ಟದ ಕಾಲ ಇನ್ನು ಮುಂದಿನದು. ಹದ್ದು, ಕಾಗೆ, ಮುಂಗುಸಿ, ಬೆಕ್ಕು ಎಲ್ಲಕ್ಕೂ ಮೊದಲ ಎರಡು ವಾರ ಇವೇ ಆಹಾರ. ತಾಯಿ ಸಮೇತ ಬಿದಿರಿನ ಪಂಜರದಡಿ ಮುಚ್ಚಿ, ಬೆಳಿಗ್ಗೆ ಸಂಜೆ ನೀವು ಇರುವಾಗ ಮಾತ್ರ ಬಿಡಿ. ಶಿಡ್ಲಘಟ್ಟ ಕಡೆಯ ರೇಷ್ಮೆ ಮನೆಗಳಲ್ಲಿ ಮೂಲೆಗೆ ಬಿದ್ದ ಹಳೇ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟುವ ಬಿದಿರು ತಟ್ಟಿಗಳು, ಇದ್ದರೆ ಬಿಸಿಲಿಗೆ ಒಣಗಿಸಿ ನಾಲ್ಕು ಕಡೆ ಅಡ್ಡ ನಿಲ್ಲಿಸಿ, ಚೆಂದದ ಬೇಲಿಯಾಗುತ್ತದೆ.

ನೀರಿಗೆ ಆಳವಿಲ್ಲದ ತಟ್ಟೆ, ಅದರಲ್ಲಿ ನಾಲ್ಕು ಬೆಣಚುಕಲ್ಲು. ಪಿಳ್ಳೆ ಎರಡು ಬೆರಳಷ್ಟು ನೀರಲ್ಲೂ ಮುಳುಗಿ ಸಾಯುತ್ತದೆ. ಮೇವಿಗೆ ಅಕ್ಕಿ ನುಚ್ಚು, ರಾಗಿ, ಸಾಧ್ಯವಾದರೆ ಮರಿಗಳಿಗೆಂದೇ ಬರುವ ಸ್ಟಾರ್ಟರ್ ಮೇವು. ಮೊಟ್ಟೆ ಕೋಳಿಯ ಲೇಯರ್ ಮೇವು ಕೊಡಬೇಡಿ, ಅದರಲ್ಲಿರುವ ಸುಣ್ಣದಂಶ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಮೈ ಕೂಡಲು ಗೆದ್ದಲಿನಷ್ಟು ಒಳ್ಳೆಯದು ಬೇರೆ ಇಲ್ಲ. ಮಡಕೆಗೆ ಒಣ ಸಗಣಿ, ಹಳೇ ಗೋಣಿಚೀಲದ ತುಂಡು ತುಂಬಿ, ನೀರು ಚಿಮುಕಿಸಿ, ಹುತ್ತವಿರುವ ಕಡೆ ಸಂಜೆ ಬೋರಲು ಹಾಕಿ ಬನ್ನಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿದರೆ ಮಡಕೆ ತುಂಬ ಗೆದ್ದಲು. ತಾಯಿ ಒಂದನ್ನು ಕೊಕ್ಕಲ್ಲಿ ಹಿಡಿದು ಕೆಳಗೆ ಹಾಕಿ, ಮತ್ತೆ ಎತ್ತಿ, ಕರೆದು ತೋರಿಸುವುದನ್ನು ಕೂತು ನೋಡಬೇಕು. ತಾನು ಅರೆಹೊಟ್ಟೆಯಲ್ಲಿ 21 ದಿನ ಕೂತದ್ದು, ಆ ಹಸಿವಿನಲ್ಲೂ ಮೊದಲ ಹುಳ ಮಕ್ಕಳಿಗೆ.

ಲಸಿಕೆ ತಪ್ಪಿಸಬೇಡಿ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಎರಡೂ ರಾಣಿಖೇತ್‌ಗೆ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಮರಿಗೆ ಯಾರು ತರುತ್ತಾರೆ ಅಂತಲೇ ಹಳ್ಳಿಗಳಲ್ಲಿ ಇದು ನಿಂತುಹೋಗುವುದು. ನಮ್ಮ ಬೀದಿಯಲ್ಲಿ ಈಗ ಆರು ಮನೆ ಸೇರಿ ಒಂದೇ ಬೆಳಿಗ್ಗೆ ಹಾಕಿಸುತ್ತೇವೆ. ಸೀಸೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರಬೇಕು, ಬಿಸಿಯಾದರೆ ಲಸಿಕೆ ಸತ್ತಂತೆ.

ಆರು ಏಳನೇ ವಾರದಲ್ಲಿ ಒಂದು ದಿನ ತಾಯಿ ಇದ್ದಕ್ಕಿದ್ದಂತೆ ಮರಿಗಳನ್ನು ಕುಕ್ಕಿ ಓಡಿಸುತ್ತಾಳೆ. ಕೆಂಚಿಯೂ ಹಾಗೇ ಮಾಡಿದಾಗ ಹುಡುಗಿ ಮತ್ತೆ ಓಡಿ ಬಂದಳು. “ಅಕ್ಕಾ, ಮಕ್ಕಳನ್ನೇ ಹೊಡೀತಿದ್ದಾಳೆ!” ಜುಟ್ಟು ನೋಡು ಅಂದೆ. ಬಿಳಚಿದ್ದ ಜುಟ್ಟು ಮತ್ತೆ ಕೆಂಪೇರಿತ್ತು. ಇನ್ನು ಹತ್ತು ಹದಿನೈದು ದಿನದಲ್ಲಿ ಮೊಟ್ಟೆ ಶುರುವಾಗುತ್ತದೆ, ಅಷ್ಟರೊಳಗೆ ಮಂಕರಿಗೆ ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕು ಅಂತ ಹೇಳಿ ಕಳಿಸಿದೆ.